ಸಿಸ್ಟರ್ ಯಾಕೆ ಅಷ್ಟೊಂದು ಪ್ರಶ್ನೆ ಕೇಳುತ್ತಾರೆ?

(ಮಾಟುಂಗದಲ್ಲಿ ಮುಂಬಯಿ ಕನ್ನಡಿಗರ ಮುಂದೆ ಆಡಿದ ಮಾತುಗಳ ಬರಹ ರೂಪ. ಸಭೆಯಲ್ಲಿ ನರ್ಸಿಂಗ್ ಓದುತ್ತಿರುವ ಕೆಲವು ಮಕ್ಕಳೂ ಇದ್ದರು. ಹಾಗಾಗಿ ಅಲ್ಲಲ್ಲಿ ಮಾತು ಅವರ ಕಡೆ ತಿರುಗಿದೆ.)

ಎಲ್ಲರಿಗೂ ನಮಸ್ಕಾರ. "ಹಾರ್ಟ್ ಅಟ್ಯಾಕ್ ಬರದ ಹಾಗೆ ನೋಡಿಕೊಳ್ಳುವುದು ಹೇಗೆ ಅಂತ ಮಾತಾಡಿ" ಎಂದು ನನ್ನನ್ನು ಕೇಳಿದ್ದರು. ಅದನ್ನು ಹೇಳಲು ಡಾಕ್ಟರುಗಳಿದ್ದಾರೆ. ಯೂಟ್ಯೂಬ್ ಇದೆ. ಬೆಳಗ್ಗೆ ಫೈವ್ ಗಾರ್ಡನ್ಸ್‌ನಲ್ಲಿ ವಾಕಿಂಗ್ ಹೋದರೆ ಎದುರಿಗೆ ಸಿಕ್ಕವರೆಲ್ಲ ಹೇಳುತ್ತಾರೆ. ನಾನು ಡಾಕ್ಟರ್ ಅಲ್ಲ. ಈ ಊರಿನ ಕ್ಯಾಶುವಲ್ಟಿ, ಐಸಿಸಿಯು (ಹೃದಯದ ರೋಗಿಗಳನ್ನು ಕಾಯುವ ತೀವ್ರ ನಿಗಾ ವಾರ್ಡ್) ಇಂಥ ಕಡೆ ವರ್ಷಗಟ್ಟಲೆ ಡ್ಯೂಟಿ ಮಾಡಿದ ನರ್ಸ್. ಅಟ್ಯಾಕ್ ಬಂದ ಮೇಲೆ ಮಂಚದ ಪಕ್ಕ ನಿಂತವರ ತಲೆಯಲ್ಲಿ ಏನು ಓಡುತ್ತಿರುತ್ತದೆ ಅನ್ನುವುದು ನನಗೆ ಗೊತ್ತಿರುವ ವಿಷಯ. ಅದನ್ನೇ ಹೇಳುತ್ತೇನೆ.

ನಮ್ಮ ಜನಕ್ಕೆ ಸಿಸ್ಟರುಗಳ ಮೇಲೆ ಒಂದು ಸಿಟ್ಟಿದೆ. ಮನೆಯವರು ಎದೆ ಹಿಡಿದುಕೊಂಡು ಒದ್ದಾಡುತ್ತಿದ್ದಾರೆ. ಇವಳು ನೋಡಿದರೆ "ಎಷ್ಟು ಗಂಟೆಗೆ ಶುರುವಾಯಿತು, ಶುಗರ್ ಇದೆಯಾ, ಏನು ಮಾತ್ರೆ ತಗೊಂಡ್ರಿ" ಅಂತ ಕೇಳುತ್ತಾ ನಿಂತಿದ್ದಾಳೆ. "ಮೊದಲು ಟ್ರೀಟ್‌ಮೆಂಟ್ ಕೊಡಿ, ಆಮೇಲೆ ಪ್ರಶ್ನೆ ಕೇಳಿ" ಎಂದು ಬೈಸಿಕೊಳ್ಳದ ನರ್ಸ್ ಈ ಊರಿನಲ್ಲಿ ಇರಲಿಕ್ಕಿಲ್ಲ. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಅವಳ ಬಾಯಿ ಕೇಳುತ್ತಿರುವಾಗ ಕೈ ಇಸಿಜಿ ವೈರ್ ಅಂಟಿಸುತ್ತಿರುತ್ತದೆ, ಅದನ್ನು ನೀವು ನೋಡಿರುವುದಿಲ್ಲ. ಆ ಪ್ರಶ್ನೆಗಳಿಗೆ ಬರುವ ಉತ್ತರದಿಂದಲೇ ಯಾವ ಔಷಧ ಕೊಡಬೇಕು, ಯಾವುದನ್ನು ಕೊಡಲೇಬಾರದು ಎಂದು ತೀರ್ಮಾನವಾಗುತ್ತದೆ.

ಚೆಂಬೂರಿನಲ್ಲಿ ಹೋಟೆಲ್ ನಡೆಸುವ ಒಬ್ಬರು ಅಂತ ಇಟ್ಟುಕೊಳ್ಳಿ. ವಯಸ್ಸು 52. ರಾತ್ರಿ ಗಲ್ಲಾದ ಲೆಕ್ಕ ಮುಗಿಸಿ ಹನ್ನೊಂದಕ್ಕೆ ಊಟ ಮಾಡಿದ್ದಾರೆ. ಹನ್ನೆರಡರ ಹೊತ್ತಿಗೆ ಎದೆಯ ನಡುವೆ ಏನೋ ಒತ್ತಿ ಹಿಡಿದ ಹಾಗೆ ಆಗಿದೆ. ಗ್ಯಾಸ್ ಇರಬೇಕು ಎಂದು ಈನೋ ಕುಡಿದರು. ವಾಂತಿಯಾಯಿತು. ಬನಿಯನ್ ಹಿಂಡುವಷ್ಟು ಬೆವರು. ಹೆಂಡತಿ ಬೆನ್ನು ತಿಕ್ಕಿದರು. ಕೆಳಗಿನ ಮನೆಯವರು ಓಡಿ ಬಂದು, ತಮ್ಮ ತಂದೆಯ ಡಬ್ಬಿಯಿಂದ ಸಾರ್ಬಿಟ್ರೇಟ್ ಎಂಬ ಎದೆನೋವಿನ ಮಾತ್ರೆ ತೆಗೆದು ನಾಲಿಗೆಯ ಕೆಳಗೆ ಇಡಿಸಿದರು. ಸ್ವಲ್ಪ ಹೊತ್ತಿಗೆ ತಲೆ ಸುತ್ತು ಬಂತು. ಲಿಫ್ಟ್ ಕೆಟ್ಟಿತ್ತು. ಮೂರು ಮಹಡಿ ನಡೆಸಿಕೊಂಡೇ ಇಳಿಸಿ ಟ್ಯಾಕ್ಸಿ ಹತ್ತಿಸಿದರು. ಕ್ಯಾಶುವಲ್ಟಿ ಮುಟ್ಟಿದಾಗ ಎರಡೂವರೆ.

ಬಾಗಿಲಲ್ಲಿ ನೋಡಿದ ಕ್ಷಣಕ್ಕೇ ಸಿಸ್ಟರ್‌ಗೆ ಅರ್ಧ ವಿಷಯ ತಿಳಿದಿರುತ್ತದೆ. ಬೂದಿ ಬಣ್ಣದ ಮುಖ, ಒದ್ದೆ ಅಂಗಿ, ಎದೆಯ ಮೇಲೆ ಮುಷ್ಟಿ. ಹೆಸರು ಬರೆಸುವುದು, ಕೇಸ್ ಪೇಪರ್ ಮಾಡಿಸುವುದು ಎಲ್ಲ ಆಮೇಲೆ. ಬಂದು ಹತ್ತು ನಿಮಿಷದೊಳಗೆ ಇಸಿಜಿ ತೆಗೆದು ಡಾಕ್ಟರ ಕಣ್ಣಿಗೆ ಬೀಳಬೇಕು. ಇದು ಜಗತ್ತಿನಾದ್ಯಂತ ಒಪ್ಪಿಕೊಂಡ ಗಡುವು.

"ಅಣ್ಣಾ, ನೋವು ಶುರುವಾದದ್ದು ಎಷ್ಟು ಗಂಟೆಗೆ?"

ಹೆಂಡತಿ ಉತ್ತರ ಕೊಡುತ್ತಾರೆ: "ಈಗಷ್ಟೇ ಸಿಸ್ಟರ್, ಅರ್ಧ ಗಂಟೆ ಆಗಿರಬಹುದು."

ಇದು ಸುಳ್ಳು ಹೇಳಬೇಕೆಂದು ಹೇಳಿದ ಸುಳ್ಳಲ್ಲ. ತಡ ಮಾಡಿದಿರಿ ಎಂದು ಬೈಯುತ್ತಾರೇನೋ ಎಂಬ ಹೆದರಿಕೆ. ಅನುಭವ ಇರುವ ಸಿಸ್ಟರ್ ಇಲ್ಲಿ ವಾದ ಮಾಡುವುದಿಲ್ಲ. "ಅಕ್ಕಾ, ಊಟ ಎಷ್ಟಕ್ಕೆ ಮಾಡಿದ್ರು? ಈನೋ ಕುಡಿದದ್ದು ಟಿವಿ ಆಫ್ ಮಾಡುವ ಮೊದಲೋ ಆಮೇಲೋ?" ಎಂದು ಕೇಳುತ್ತಾಳೆ. ಹಾಗೆ ಹಿಂದಕ್ಕೆ ಹೋಗುತ್ತಾ ಹನ್ನೆರಡು ಗಂಟೆ ಸಿಗುತ್ತದೆ.

ಆ ಗಂಟೆ ಯಾಕೆ ಬೇಕು? ಹೃದಯಕ್ಕೆ ರಕ್ತ ಕೊಡುವ ನಾಳ ಪೂರ್ತಿ ಮುಚ್ಚಿದರೆ ಅರ್ಧ ಗಂಟೆಯೊಳಗೇ ಅಲ್ಲಿನ ಸ್ನಾಯು ಸಾಯಲು ಶುರುವಾಗುತ್ತದೆ. ಒಳಪದರದಿಂದ ಶುರುವಾಗಿ, ಗಂಟೆಗಳು ಕಳೆದ ಹಾಗೆ ಹೊರಪದರಕ್ಕೆ ಹರಡುತ್ತದೆ. ನಾಳ ತೆರೆಯಲು ಎರಡು ದಾರಿ. ಒಂದು, ಕ್ಯಾಥ್ ಲ್ಯಾಬಿಗೆ, ಅಂದರೆ ಹೃದಯದ ನಾಳಕ್ಕೆ ಸಣ್ಣ ಕೊಳವೆ ತೂರಿಸುವ ಕೋಣೆಗೆ ಒಯ್ದು, ಬಲೂನಿನಿಂದ ನಾಳ ಅಗಲಿಸಿ ಸ್ಟೆಂಟ್ ಎಂಬ ಜಾಲರಿ ಇಡುವುದು. ಆಸ್ಪತ್ರೆಯ ಬಾಗಿಲು ದಾಟಿ 90 ನಿಮಿಷದೊಳಗೆ ಇದು ಆಗಬೇಕು ಎನ್ನುತ್ತಾರೆ. ಇನ್ನೊಂದು, ಗಡ್ಡೆ ಕರಗಿಸುವ ಇಂಜೆಕ್ಷನ್. ಎರಡು ಗಂಟೆಯೊಳಗೆ ಬಲೂನ್ ಸಾಧ್ಯವಿಲ್ಲ ಅನ್ನಿಸಿದರೆ ಅದನ್ನು ಕೊಡುತ್ತಾರೆ. ನೋವು ಶುರುವಾದ ಮೊದಲ ಎರಡು ಮೂರು ಗಂಟೆಯಲ್ಲಿ ಆ ಇಂಜೆಕ್ಷನ್ ತುಂಬ ಚೆನ್ನಾಗಿ ಕೆಲಸ ಮಾಡುತ್ತದೆ. 12 ಗಂಟೆ ದಾಟಿದರೆ ಲಾಭ ಕಡಿಮೆ, ಅಪಾಯ ಜಾಸ್ತಿ. ನೀವು ಹೇಳುವ ಆ ಒಂದು ಗಂಟೆಯ ಮೇಲೆ ಇಷ್ಟೆಲ್ಲ ನಿಂತಿರುತ್ತದೆ.

ಮುಂದಿನ ಪ್ರಶ್ನೆ: "ಮನೆಯಲ್ಲಿ ಏನು ಮಾತ್ರೆ ಕೊಟ್ಟಿರಿ?" ಹೆಂಡತಿ ಸುಮ್ಮನಾಗುತ್ತಾರೆ. ಕೆಳಮನೆಯವರ ಹೆಸರು ಹೇಳಲು ಸಂಕೋಚ.

ಅಷ್ಟರಲ್ಲಿ ಮಾನಿಟರ್ ಬಿಪಿ 88/60 ಎನ್ನುತ್ತಿದೆ. ನಾಡಿ 46. ಇಸಿಜಿಯಲ್ಲಿ ಎರಡು, ಮೂರು, ಎವಿಎಫ್ ಎಂಬ ಲೀಡುಗಳಲ್ಲಿ, ಅಂದರೆ ಹೃದಯವನ್ನು ಕೆಳಗಿನಿಂದ ನೋಡುವ ಗೆರೆಗಳಲ್ಲಿ, ಗೆರೆ ಮೇಲೆದ್ದಿದೆ. ಅಂದರೆ ಹೃದಯದ ಕೆಳಗಿನ ಗೋಡೆಗೆ ಪೆಟ್ಟು. ನರ್ಸಿಂಗ್ ಮಕ್ಕಳೇ, ಇಲ್ಲಿ ನಿಮ್ಮ ತಲೆ ನಿಲ್ಲಬಾರದು. ಕೆಳಗೋಡೆಯ ಅಟ್ಯಾಕಿನಲ್ಲಿ ಹಲವರಿಗೆ ಬಲಭಾಗದ ಕೋಣೆಗೂ ಪೆಟ್ಟು ಬಿದ್ದಿರುತ್ತದೆ. ಸಾಮಾನ್ಯ ಇಸಿಜಿ ಎಡಭಾಗವನ್ನೇ ನೋಡುತ್ತದೆ. ಹಾಗಾಗಿ ಯಾರೂ ಹೇಳುವ ಮೊದಲೇ ಎದೆಯ ವೈರನ್ನು ಬಲಕ್ಕೆ ಸರಿಸಿ ಇನ್ನೊಂದು ಇಸಿಜಿ ತೆಗೆಯಬೇಕು. ವಿ-4-ಆರ್ ಎನ್ನುತ್ತೇವೆ. ಅಲ್ಲೂ ಗೆರೆ ಎದ್ದಿದ್ದರೆ ಕಥೆಯೇ ಬೇರೆ.

ನಮ್ಮ ಬಿಲ್ಡಿಂಗುಗಳ ಪಂಪು ನೆನಪು ಮಾಡಿಕೊಳ್ಳಿ. ಕೆಳಗಿನ ಟ್ಯಾಂಕಿನಲ್ಲಿ ನೀರಿಲ್ಲದಿದ್ದರೆ ಪಂಪು ಎಷ್ಟು ತಿರುಗಿದರೂ ಏಳನೇ ಮಹಡಿಗೆ ಹನಿ ಬರುವುದಿಲ್ಲ. ಬಲಕೋಣೆ ಸೋತಾಗ ಹೃದಯದ ಸ್ಥಿತಿ ಹಾಗೇ. ಒಳಗೆ ಬರುವ ರಕ್ತವೇ ಅದಕ್ಕೆ ಆಧಾರ. ಸಾರ್ಬಿಟ್ರೇಟ್ ಮಾಡುವ ಕೆಲಸ ಏನು? ಮೈಯ ರಕ್ತನಾಳಗಳನ್ನು ಸಡಿಲ ಮಾಡುತ್ತದೆ. ರಕ್ತ ಕೈಕಾಲುಗಳಲ್ಲೇ ನಿಂತುಬಿಡುತ್ತದೆ, ಹೃದಯಕ್ಕೆ ವಾಪಸ್ ಬರುವುದು ಕಡಿಮೆಯಾಗುತ್ತದೆ. ಆಗ ಬಿಪಿ ಧಡಕ್ಕನೆ ಕುಸಿಯುತ್ತದೆ. ಸಾರ್ಬಿಟ್ರೇಟ್ ಕೆಟ್ಟ ಔಷಧ ಅಲ್ಲ. ಡಾಕ್ಟರು ಬರೆದುಕೊಟ್ಟವರಿಗೆ ಅದು ಬೇಕೇ ಬೇಕು. ಆದರೆ ಪಕ್ಕದ ಮನೆಯ ಡಬ್ಬಿಯ ಮಾತ್ರೆಗೆ ನಿಮ್ಮ ಗಂಡನ ಬಿಪಿ ಎಷ್ಟಿದೆ ಎಂದು ಗೊತ್ತಿರುವುದಿಲ್ಲ, ಅಲ್ವಾ?

ಆ ಮಾತ್ರೆಯ ವಿಷಯ ತಿಳಿದರೆ ಸಿಸ್ಟರ್ ಎರಡನೇ ಮಾತ್ರೆ ಕೊಡಲು ಬಿಡುವುದಿಲ್ಲ. ಕಾಲು ಎತ್ತರಿಸುತ್ತಾಳೆ. ಡಾಕ್ಟರು ಸಲೈನ್ ಬರೆಯುತ್ತಾರೆ, ಒಮ್ಮೆಗೆ 250 ಎಂಎಲ್ ಮಾತ್ರ. ಅದು ಹೋದ ಮೇಲೆ ಎದೆಗೆ ಸ್ಟೆತಸ್ಕೋಪ್ ಇಟ್ಟು ನೋಡಬೇಕು, ಬಿಪಿ ನೋಡಬೇಕು, ಆಮೇಲೆ ಮುಂದಿನದು. ನಾಡಿ ನಿಧಾನ ಇರುವುದರಿಂದ, ಅದನ್ನು ಏರಿಸುವ ಅಟ್ರೋಪಿನ್ ಔಷಧ ಸಿರಿಂಜಿನಲ್ಲಿ ಎಳೆದು ಟ್ರೇಯಲ್ಲಿ ಇಟ್ಟಿರಬೇಕು. ಶಾಕ್ ಕೊಡುವ ಮೆಷಿನ್ ಮಂಚದ ಪಕ್ಕಕ್ಕೇ ಬಂದಿರಬೇಕು.

ಇನ್ನೊಂದು ಪ್ರಶ್ನೆ ಇದೆ. ಅದನ್ನು ಕೇಳುವ ಮೊದಲು ಸಿಸ್ಟರ್ "ಅಕ್ಕಾ, ನೀವು ಐದು ನಿಮಿಷ ಹೊರಗೆ ಕೂತಿರಿ" ಎನ್ನುತ್ತಾಳೆ. ಗಂಡಸಿನ ಕಿವಿಯ ಹತ್ತಿರ ಬಗ್ಗಿ, ಗಂಡಸುತನಕ್ಕೆ ಅಂತ ಏನಾದರೂ ಮಾತ್ರೆ ತಗೊಂಡಿದ್ದೀರಾ ಎಂದು ಕೇಳುತ್ತಾಳೆ. ನಗಬೇಡಿ. ಸಿಲ್ಡೆನಾಫಿಲ್ ತಗೊಂಡು 24 ಗಂಟೆ, ಟಡಲಾಫಿಲ್ ತಗೊಂಡು 48 ಗಂಟೆ ಆಗುವ ತನಕ ಸಾರ್ಬಿಟ್ರೇಟ್ ಜಾತಿಯ ಔಷಧ ಕೊಟ್ಟರೆ ಬಿಪಿ ಏಳದ ಹಾಗೆ ಬಿದ್ದುಹೋಗಬಹುದು. ಎಷ್ಟೋ ಮಂದಿ ನಾಚಿಕೆಯಿಂದ ಇಲ್ಲ ಎನ್ನುತ್ತಾರೆ. ಸಿಸ್ಟರ್‌ಗೆ ನಿಮ್ಮ ಸಂಸಾರದ ಸುದ್ದಿ ಬೇಡ. ಅವಳಿಗೆ ಬೇಕಾದ್ದು ಹೌದು ಅಥವಾ ಇಲ್ಲ, ಅಷ್ಟೇ.

ಹಿಂದೆ ಪಾರ್ಶ್ವವಾಯು ಆಗಿತ್ತಾ, ಇತ್ತೀಚೆಗೆ ಆಪರೇಷನ್ ಆಗಿದೆಯಾ, ಮಲ ಡಾಂಬರಿನ ಹಾಗೆ ಕಪ್ಪಗೆ ಹೋಗುತ್ತಿತ್ತಾ ಎಂದು ಕೇಳುವುದು ಗಡ್ಡೆ ಕರಗಿಸುವ ಇಂಜೆಕ್ಷನ್ನಿಗಾಗಿ. ಅದು ಹೃದಯದ ಗಡ್ಡೆಯನ್ನು ಮಾತ್ರ ಹುಡುಕಿ ಕರಗಿಸುವುದಿಲ್ಲ. ಎಲ್ಲಿ ಹಳೆಯ ಗಾಯ ಇದೆಯೋ ಅಲ್ಲೂ ರಕ್ತ ಬರಿಸುತ್ತದೆ, ಮಿದುಳಿನಲ್ಲೂ. ಎರಡೂ ಕೈಯ ಬಿಪಿ ನೋಡುವುದು ಇನ್ನೊಂದು ಅನುಮಾನಕ್ಕೆ. ನೋವು ಬೆನ್ನಿನ ಕಡೆ ಸೀಳಿಕೊಂಡು ಹೋದ ಹಾಗಿದ್ದು, ಎರಡು ಕೈಯ ಬಿಪಿಯಲ್ಲಿ ದೊಡ್ಡ ವ್ಯತ್ಯಾಸ ಇದ್ದರೆ, ಅದು ಮಹಾಧಮನಿ ಸೀಳಿರುವುದೂ ಇರಬಹುದು. ಅವರಿಗೆ ಈ ಇಂಜೆಕ್ಷನ್ ಕೊಟ್ಟರೆ ಮುಗಿಯಿತು.

ಇದರ ನಡುವೆ ಮನೆಯವರ ಕೂಗು: "ಆಕ್ಸಿಜನ್ ಯಾಕೆ ಹಾಕಿಲ್ಲ?" ಮೊದಲು ಎಲ್ಲರಿಗೂ ಹಾಕುತ್ತಿದ್ದೆವು, ನಿಜ. ಸ್ವೀಡನ್ನಿನಲ್ಲಿ 6,600ಕ್ಕೂ ಜಾಸ್ತಿ ರೋಗಿಗಳ ಮೇಲೆ ನಡೆದ ಅಧ್ಯಯನ 2017ರಲ್ಲಿ ಹೊರಬಂತು. ರಕ್ತದಲ್ಲಿ ಆಮ್ಲಜನಕ ಸಾಕಷ್ಟು ಇರುವವರಿಗೆ ಹೊರಗಿನಿಂದ ಕೊಟ್ಟು ಏನೂ ಲಾಭವಿಲ್ಲ ಎಂದು ಅದರಲ್ಲಿ ಕಂಡಿತು. ಈಗ ಬೆರಳಿನ ಮೆಷಿನ್ 90ಕ್ಕಿಂತ ಕೆಳಗೆ ತೋರಿಸಿದರೆ ಆಕ್ಸಿಜನ್. ಮುಖಕ್ಕೆ ಮಾಸ್ಕ್ ಇಲ್ಲ ಅಂದರೆ ಆಸ್ಪತ್ರೆ ಏನೂ ಮಾಡುತ್ತಿಲ್ಲ ಎಂದು ಅರ್ಥವಲ್ಲ.

ಇನ್ನು ಇನ್ನೊಬ್ಬರ ವಿಷಯಕ್ಕೆ ಬರುತ್ತೇನೆ. ನನಗೆ ಇವತ್ತು ಮುಖ್ಯವಾಗಿ ಹೇಳಬೇಕಾದ್ದು ಇವರ ಬಗ್ಗೆಯೇ.

ಡೊಂಬಿವಲಿಯ ನಿವೃತ್ತ ಟೀಚರ್, 58 ವರ್ಷ, ಹದಿನೈದು ವರ್ಷದಿಂದ ಶುಗರ್. ಇವರಿಗೆ ಎದೆನೋವೇ ಬಂದಿರಲಿಲ್ಲ. ಬೆಳಗ್ಗೆ ಒಗೆದ ಬಟ್ಟೆ ಹರವುವಾಗ ಉಸಿರು ಕಟ್ಟಿತು, ವಾಕರಿಕೆ ಬಂತು, ಕೈಕಾಲು ಸೋತಿತು. ನಿದ್ದೆ ಕಡಿಮೆಯಾಗಿದೆ, ಆಯಾಸ ಇರಬೇಕು ಎಂದು ಮಲಗಿದರು. ಸೊಸೆ ಸಂಜೆ ಕೆಲಸದಿಂದ ಬಂದು ನೋಡಿ, ಹಟ ಹಿಡಿದು ಆಸ್ಪತ್ರೆಗೆ ಕರೆತಂದಳು. ಹೆಂಗಸರಲ್ಲಿ, ಶುಗರ್ ಇರುವವರಲ್ಲಿ, ವಯಸ್ಸಾದವರಲ್ಲಿ ಅಟ್ಯಾಕ್ ಎಷ್ಟೋ ಸಲ ಹೀಗೇ ಬರುತ್ತದೆ. ಉಬ್ಬಸ, ಬೆವರು, ದವಡೆ ನೋವು, ಎರಡು ಭುಜದ ನಡುವೆ ನೋವು, ಸುಮ್ನೆ ಸುಸ್ತು. ಸಿನಿಮಾದವರ ಹಾಗೆ ಎದೆ ಹಿಡಿದು ಬೀಳುವುದಕ್ಕೆ ಕಾಯುತ್ತಾ ಕೂತರೆ ಒಂಬತ್ತು ಗಂಟೆ ಹೋಗಿರುತ್ತದೆ. ಇವರದ್ದು ಹೃದಯದ ಮುಂಗೋಡೆಯ ಅಟ್ಯಾಕ್. ಎಡಭಾಗಕ್ಕೆ ರಕ್ತ ಕೊಡುವ ದೊಡ್ಡ ನಾಳ ಮುಚ್ಚಿತ್ತು. ಸ್ಟೆಂಟ್ ಹಾಕಿ ಐಸಿಸಿಯುಗೆ ತಂದರು. "ಸಕ್ಸೆಸ್ ಆಯ್ತು" ಎಂದು ಮಗ ಊರಿಗೆಲ್ಲ ಫೋನ್ ಮಾಡಿದ.

ರಾತ್ರಿ ಹನ್ನೊಂದಕ್ಕೆ ಬಿಪಿ 118/74, ನಾಡಿ 86. ಒಂದು ಗಂಟೆಗೆ 112/80, ನಾಡಿ 98. ಎರಡಕ್ಕೆ 106/84, ನಾಡಿ 110. ಯಾವ ಅಲಾರಾಮೂ ಕೂಗಲಿಲ್ಲ. ಮೇಲಿನ ಬಿಪಿ 90ಕ್ಕಿಂತ ಇಳಿದರೆ, ನಾಡಿ 120 ದಾಟಿದರೆ ಮಾತ್ರ ಕೂಗು ಎಂದು ಮೆಷಿನ್ನಿಗೆ ಹೇಳಿಟ್ಟಿದೆ. 106 ಅಂದರೆ ಒಳ್ಳೆಯ ಬಿಪಿ ಅಲ್ವಾ? ಒಂದೊಂದನ್ನೇ ನೋಡಿದರೆ ಹೌದು. ಮೂರನ್ನೂ ಒಟ್ಟಿಗೆ ಇಟ್ಟು ನೋಡಿ. ಮೇಲಿನ ಅಂಕೆ ಇಳಿಯುತ್ತಿದೆ, ಕೆಳಗಿನದು ಏರುತ್ತಿದೆ. ನಡುವಿನ ಅಂತರ 44 ಇದ್ದದ್ದು 32 ಆಗಿ, ಈಗ 22. ಹೃದಯ ಒಂದು ಬಡಿತಕ್ಕೆ ತಳ್ಳುವ ರಕ್ತ ಕಡಿಮೆಯಾಗುತ್ತಿದೆ. ಮೈ ಅದನ್ನು ಮುಚ್ಚಿಕೊಳ್ಳಲು ನಾಳಗಳನ್ನು ಬಿಗಿ ಮಾಡಿ, ನಾಡಿಯನ್ನು ಓಡಿಸುತ್ತಿದೆ. ಉಸಿರು ನಿಮಿಷಕ್ಕೆ 18 ಇದ್ದದ್ದು 26 ಆಗಿದೆ. ಉಸಿರನ್ನು ಎಣಿಸಲು ಒಂದು ನಿಮಿಷ ಕೂರಬೇಕು. ಅದಕ್ಕೇ ಬಹಳ ಕಡೆ 18, 18, 18 ಎಂದು ಬರೆದಿರುತ್ತಾರೆ. ಮಕ್ಕಳೇ, ಕೂತು ಎಣಿಸಿ. ನನಗೆ ಗೊತ್ತಿರುವ ಹಾಗೆ ಮೊದಲು ಕೆಡುವುದು ಉಸಿರಿನ ಲೆಕ್ಕವೇ.

ಮೂತ್ರದ ಬ್ಯಾಗ್ ನೋಡಿದರೆ ಹಿಂದಿನ ಒಂದು ಗಂಟೆಗೆ 15 ಎಂಎಲ್. 60 ಕೆಜಿಯ ಹೆಂಗಸಿಗೆ ಗಂಟೆಗೆ 30 ಆದರೂ ಬರಬೇಕು. ಪಾದ ಮುಟ್ಟಿದರೆ ತಣ್ಣಗೆ. ಟೀಚರ್ ಕೇಳುತ್ತಾರೆ: "ಮಗಾ, ನಿದ್ದೆ ಬರ್ತಾ ಇಲ್ಲ. ಇನ್ನೊಂದು ದಿಂಬು ಕೊಡ್ತೀಯಾ?"

ಹೊಸ ನರ್ಸ್ ಆದರೆ ದಿಂಬು ತಂದು ಕೊಡುತ್ತಾಳೆ, ಅಷ್ಟೇ. ಗೊತ್ತಿರುವವಳಿಗೆ ಆ ದಿಂಬೇ ಸುದ್ದಿ. ಚಪ್ಪಟೆ ಮಲಗಲು ಆಗುತ್ತಿಲ್ಲ ಅಂದರೆ ಶ್ವಾಸಕೋಶಕ್ಕೆ ನೀರು ಏರುತ್ತಿದೆ. ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟರೆ ಕೆಳಗೆ ಚಿಟಿಚಿಟಿ ಸದ್ದು. ಥಾಮಸ್ ಕಿಲಿಪ್ ಎಂಬ ಅಮೆರಿಕದ ಡಾಕ್ಟರು ತಮ್ಮ ಜತೆಗಾರ ಕಿಂಬಲ್ ಜೊತೆ 1967ರಲ್ಲಿ ಹಾಕಿಕೊಟ್ಟ ನಾಲ್ಕು ಮೆಟ್ಟಿಲಿನ ಲೆಕ್ಕ ಇವತ್ತಿಗೂ ನಡೆಯುತ್ತದೆ. ಶ್ವಾಸಕೋಶ ಸ್ವಚ್ಛ ಇದ್ದರೆ ಒಂದು, ಕೆಳಗೆ ಸದ್ದು ಬಂದರೆ ಎರಡು, ಪೂರ್ತಿ ನೀರು ತುಂಬಿದರೆ ಮೂರು, ಬಿಪಿ ಬಿದ್ದು ಮೈ ತಣ್ಣಗಾದರೆ ನಾಲ್ಕು. ಸ್ಕ್ಯಾನ್ ಬೇಡ, ರಿಪೋರ್ಟ್ ಬೇಡ. ಕಿವಿ ಮತ್ತು ಕೈ ಸಾಕು. ನಮ್ಮ ಟೀಚರ್ ಎರಡರಿಂದ ಮುಂದಕ್ಕೆ ಹೊರಟಿದ್ದಾರೆ.

ಈಗ ಸಿಸ್ಟರ್ ಏನು ಮಾಡುತ್ತಾಳೆ? ತಲೆಯ ಕಡೆ ಮಂಚ ಎತ್ತುತ್ತಾಳೆ. ಓಡುತ್ತಿರುವ ಸಲೈನ್ ನಿಲ್ಲಿಸಬೇಕಾ ಎಂದು ಡಾಕ್ಟರನ್ನು ಕೇಳುತ್ತಾಳೆ. ಇಲ್ಲಿ ಸ್ವಲ್ಪ ನಿಲ್ಲಿ. ಹೋಟೆಲ್ ಅಣ್ಣನ ಬಿಪಿ ಬಿದ್ದಾಗ ಸಲೈನ್ ಕೊಟ್ಟೆವು. ಟೀಚರ್ ಬಿಪಿ ಇಳಿಯುವಾಗ ಸಲೈನ್ ನಿಲ್ಲಿಸುತ್ತಿದ್ದೇವೆ. ಇಬ್ಬರಿಗೂ ಹಾರ್ಟ್ ಅಟ್ಯಾಕ್, ಇಬ್ಬರದ್ದೂ ಬಿಪಿ ಇಳಿಕೆ. ಆದರೆ ಒಬ್ಬರಿಗೆ ಒಳಗೆ ಬರುವ ರಕ್ತ ಸಾಲದು, ಇನ್ನೊಬ್ಬರಿಗೆ ಬಂದ ರಕ್ತ ಹೊರಗೆ ತಳ್ಳಲು ಶಕ್ತಿ ಸಾಲದು. ಅದನ್ನು ಅದಲು ಬದಲು ಮಾಡಿದರೆ ಇಬ್ಬರೂ ಹೋಗಬಹುದು. "ಬಿಪಿ ಕಡಿಮೆ ಇದೆ, ಸಲೈನ್ ಹಾಕಿ" ಎಂದು ಬಾಯಿಪಾಠ ಮಾಡಿದ ನರ್ಸ್‌ಗಿಂತ "ಯಾಕೆ ಕಡಿಮೆ ಇದೆ" ಎಂದು ಕೇಳುವ ನರ್ಸ್ ನನಗೆ ಬೇಕು.

ಹಾಗೇ ಬೆಳಗ್ಗೆ ಆರು ಗಂಟೆಗೆ ಇವರಿಗೆ ಮೆಟೊಪ್ರೊಲಾಲ್ ಮಾತ್ರೆ ಎಂದು ಚಾರ್ಟಿನಲ್ಲಿ ಬರೆದಿದೆ. ನಾಡಿ ಜಾಸ್ತಿ ಇದೆ, ಇಳಿಸುವ ಮಾತ್ರೆ ಒಳ್ಳೆಯದೇ ಅಲ್ವಾ ಅನ್ನಿಸುತ್ತದೆ. ಈ ಹೊತ್ತಿನಲ್ಲಿ ಅಲ್ಲ. ಓಡುತ್ತಿರುವ ಆ ನಾಡಿಯೇ ಅವರನ್ನು ಹಿಡಿದು ನಿಲ್ಲಿಸಿದೆ. ಚೀನಾದಲ್ಲಿ 45,000ಕ್ಕೂ ಜಾಸ್ತಿ ರೋಗಿಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಟ್ಯಾಕ್ ಆದ ಕೂಡಲೇ ಈ ಔಷಧವನ್ನು ರಕ್ತನಾಳಕ್ಕೆ ಕೊಟ್ಟಾಗ ಹೃದಯ ಸೋತು, ಬಿಪಿ ಕುಸಿದು ಮೈ ತಣ್ಣಗಾಗುವ ಸ್ಥಿತಿಗೆ ಹೋದವರು ಜಾಸ್ತಿಯಾದರು. ಹಾಗಾಗಿ ಮಾತ್ರೆ ಕೈಯಲ್ಲಿ ಹಿಡಿದು, ಕೊಡುವ ಮೊದಲು ಒಂದು ಫೋನ್.

ಆ ಫೋನ್ ಮಾಡುವುದೂ ಒಂದು ಕಲೆ. ರಾತ್ರಿ ಎರಡೂವರೆಗೆ ಎದ್ದ ಡಾಕ್ಟರಿಗೆ "ಸರ್, ಪೇಶಂಟ್ ಯಾಕೋ ಸರಿ ಕಾಣ್ತಾ ಇಲ್ಲ" ಎಂದರೆ "ನೋಡ್ತಾ ಇರಿ" ಎಂದು ಉತ್ತರ ಬರುತ್ತದೆ. ಅವರ ತಪ್ಪೂ ಅಲ್ಲ. "ಸರ್, ಮುಂಗೋಡೆಯ ಅಟ್ಯಾಕ್, ಸಂಜೆ ಸ್ಟೆಂಟ್ ಹಾಕಿದವರು. ಮೂರು ಗಂಟೆಯಲ್ಲಿ ಬಿಪಿ ಅಂತರ 44ರಿಂದ 22. ನಾಡಿ 110, ಉಸಿರು 26, ಮೂತ್ರ 15. ಕಾಲು ತಣ್ಣಗಿದೆ, ಎರಡೂ ಕಡೆ ಕೆಳಗೆ ಸದ್ದಿದೆ. ಹೃದಯ ಸೋಲುತ್ತಿದೆ ಅನ್ನಿಸುತ್ತಿದೆ. ಇಸಿಜಿ ತೆಗೆದಿದ್ದೇನೆ. ನೀವು ಈಗ ಬಂದು ನೋಡಬೇಕು." ಇದನ್ನು ಕೇಳಿ ಮತ್ತೆ ಮಲಗುವ ಡಾಕ್ಟರನ್ನು ನಾನು ಕಂಡಿಲ್ಲ.

ನರ್ಸಿಂಗ್ ಮಕ್ಕಳಿಗೆ ಒಂದು ಮಾತು. ಕ್ರಿಸ್ಟೀನ್ ಟ್ಯಾನರ್ ಎಂಬ ಅಮೆರಿಕದ ನರ್ಸಿಂಗ್ ಪ್ರೊಫೆಸರ್ 2006ರಲ್ಲಿ ಇದನ್ನೇ ನಾಲ್ಕು ಹೆಜ್ಜೆಯಾಗಿ ಬಿಡಿಸಿಟ್ಟರು: ಗಮನಿಸುವುದು, ಅರ್ಥ ಮಾಡಿಕೊಳ್ಳುವುದು, ಏನಾದರೂ ಮಾಡುವುದು, ಆಮೇಲೆ ಹಿಂದಿರುಗಿ ನೋಡುವುದು. ಪರೀಕ್ಷೆಗೆ ಬರುತ್ತದೆ, ಓದಿಕೊಳ್ಳಿ. ವಾರ್ಡಿನಲ್ಲಿ ಈ ನಾಲ್ಕೂ ಸಾಲಾಗಿ ಬರುವುದಿಲ್ಲ. ದಿಂಬು ಕೇಳಿದ ಒಂದೇ ಕ್ಷಣಕ್ಕೆ ಮೂರು ಹೆಜ್ಜೆ ಆಗಿಹೋಗಿರುತ್ತದೆ.

ನರ್ಸ್ ಹೀಗೆಲ್ಲ ಯೋಚಿಸಬಹುದು, ಕೈ ಹಾಕಬಹುದು ಎಂದು ಒಪ್ಪಿಕೊಂಡದ್ದೂ ಬಹಳ ಹಿಂದೆ ಏನಲ್ಲ. ಮೊದಲೆಲ್ಲ ಹಾರ್ಟ್ ಅಟ್ಯಾಕ್ ಅಂದರೆ ಆರು ವಾರ ಮಂಚ. ಕೈ ಎತ್ತಿ ಅನ್ನ ತಿನ್ನಲೂ ಬಿಡುತ್ತಿರಲಿಲ್ಲ. ಸಾಧಾರಣ ವಾರ್ಡಿನಲ್ಲಿ ಮಲಗಿದ್ದವರ ಹೃದಯ ಇದ್ದಕ್ಕಿದ್ದ ಹಾಗೆ ತಾಳ ತಪ್ಪಿ ಅದುರತೊಡಗಿದರೆ, ನರ್ಸ್ ಓಡಿ ಡಾಕ್ಟರನ್ನು ಕರೆತರುವಷ್ಟರಲ್ಲಿ ಮುಗಿದಿರುತ್ತಿತ್ತು. ಅದುರುವ ಹೃದಯಕ್ಕೆ ಶಾಕ್ ಕೊಡಲು ತಡವಾದ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ನೂರಕ್ಕೆ 7ರಿಂದ 10ರಷ್ಟು ಇಳಿಯುತ್ತದೆ. ಇಂಥವರನ್ನೆಲ್ಲ ಒಂದೇ ಕಡೆ ಇಟ್ಟು, ಮಾನಿಟರ್ ಹಾಕಿ, ತರಬೇತಿ ಇರುವವರನ್ನು ಕಾವಲಿಗೆ ಇಡಬೇಕು ಎಂದು ಬ್ರಿಟನ್ನಿನ ಡೆಸ್ಮಂಡ್ ಜೂಲಿಯನ್ 1961ರಲ್ಲಿ ಬರೆದರು. ಆಮೇಲೆ ಫಿಲಡೆಲ್ಫಿಯಾದಲ್ಲಿ ಲಾರೆನ್ಸ್ ಮೆಲ್ಟ್‌ಜರ್ ಎಂಬ ಡಾಕ್ಟರು ಮತ್ತು ರೋಸ್ ಪಿನ್ನಿಯೊ ಎಂಬ ನರ್ಸ್ ಸೇರಿ, ಇಸಿಜಿ ಓದಿ ಶಾಕ್ ಕೊಡುವ ಕೆಲಸವನ್ನು ನರ್ಸುಗಳಿಗೇ ಕಲಿಸಿದರು. ಆಗ ಅದು ದೊಡ್ಡ ಜಗಳದ ವಿಷಯ. ನರ್ಸ್ ಶಾಕ್ ಕೊಡುವುದೇ ಅಂತ. ಮೆಷಿನ್ ಆಗಲೇ ಇತ್ತು. ಡಾಕ್ಟರು ಬರುವ ತನಕ ಕಾಯದೆ ಅದನ್ನು ಒತ್ತಬಹುದಾದ ಒಂದು ಕೈ ಮಂಚದ ಪಕ್ಕ ಇದ್ದದ್ದೇ ಹೊಸದು. ನನ್ನ ಕೆಲಸಕ್ಕೆ ಅರ್ಥ ಬಂದದ್ದು ಅಲ್ಲಿಂದ ಎಂದು ನಾನು ಅಂದುಕೊಂಡಿದ್ದೇನೆ.

ಸಣ್ಣ ಸಣ್ಣ ವಿಷಯ ಇನ್ನೂ ಇವೆ, ಬೇಗ ಹೇಳುತ್ತೇನೆ. ತೊಡೆಯ ನಾಳದಿಂದ ಸ್ಟೆಂಟ್ ಹಾಕಿಸಿಕೊಂಡವರು "ಮಲಗಿ ಮಲಗಿ ಸೊಂಟ ನೋವು" ಎಂದರೆ ಸಿಸ್ಟರ್ ಮುಲಾಮು ಹಚ್ಚುವ ಮೊದಲು ನಾಡಿ, ಬಿಪಿ ನೋಡುತ್ತಾಳೆ. ಹೊಟ್ಟೆಯ ಹಿಂದೆ ಒಳಗೊಳಗೇ ರಕ್ತ ಹೋಗುತ್ತಿರಬಹುದು. ನೋವು ಪೂರ್ತಿ ಹೋದವರಿಗೆ ಮತ್ತೆ ಎದೆ ಹಿಡಿದರೆ ತಕ್ಷಣ ಹೇಳಬೇಕು, "ಪಾಪ, ಸಿಸ್ಟರ್‌ಗೆ ಎಷ್ಟು ಸಲ ತೊಂದರೆ ಕೊಡುವುದು" ಅಂತ ಸುಮ್ಮನಿರಬಾರದು. ನಮ್ಮ ಕಡೆಯ ಹಿರಿಯರು ಹೀಗೇ ಸುಮ್ಮನಿರುತ್ತಾರೆ. ಇನ್ನು ಎಳನೀರು. ಬ್ಯಾಗಿನಲ್ಲಿ ಮುಚ್ಚಿಕೊಂಡು ತರಬೇಡಿ. ಅದರಲ್ಲಿ ಪೊಟ್ಯಾಸಿಯಂ ಇದೆ. ಪೊಟ್ಯಾಸಿಯಂ ಕಡಿಮೆಯಾದರೂ ಜಾಸ್ತಿಯಾದರೂ ಹೃದಯ ತಾಳ ತಪ್ಪುತ್ತದೆ. ಕಿಡ್ನಿ ಸೋತವರಿಗಂತೂ ಅಪಾಯ. ಕೊಡಬಹುದಾ ಎಂದು ಕೇಳಿ ಕೊಡಿ, ಅಷ್ಟೇ.

ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಬರೆಯುತ್ತೇನೆ.

"ಅಟ್ಯಾಕ್ ಅನ್ನಿಸಿದರೆ ಮನೆಯಲ್ಲಿ ಏನು ಮಾಡಬೇಕು?" ಎಂದು ಒಬ್ಬರು ಕೇಳಿದರು. ಮೊದಲು 108ಕ್ಕೆ ಫೋನ್. ಮಹಾರಾಷ್ಟ್ರದಲ್ಲಿ ಈ ಆಂಬುಲೆನ್ಸ್ 2014ರಿಂದ ಇದೆ. ಮೆಟ್ಟಿಲು ನಡೆಸಬೇಡಿ, ಕುರ್ಚಿಯಲ್ಲಿ ಕೂರಿಸಿ ಎತ್ತಿ ಇಳಿಸಿ. ಆಸ್ಪಿರಿನ್ ಅಲರ್ಜಿ ಇಲ್ಲದಿದ್ದರೆ, ಹೊಟ್ಟೆಹುಣ್ಣಿನ ರಕ್ತಸ್ರಾವ ಇಲ್ಲದಿದ್ದರೆ, ಫೋನಿನಲ್ಲಿ ಡಾಕ್ಟರ್ ಹೂಂ ಎಂದರೆ, 300 ಎಂಜಿ ಆಸ್ಪಿರಿನ್ ಜಗಿದು ನುಂಗಿಸಿ. 1988ರಲ್ಲಿ 17,187 ರೋಗಿಗಳ ದೊಡ್ಡ ಅಧ್ಯಯನ ಬಂದಾಗಿನಿಂದ ಇದಕ್ಕೆ ಎದುರು ಮಾತಿಲ್ಲ. ಜೋರಾಗಿ ಕೆಮ್ಮಿ ಬದುಕಿ ಎಂದು ವಾಟ್ಸಾಪಿನಲ್ಲಿ ಬರುತ್ತದಲ್ಲ, ಅದನ್ನು ಅಳಿಸಿಹಾಕಿ. ನಿಮ್ಮ ಮನೆಗೆ ಹತ್ತಿರ, 24 ಗಂಟೆ ಕ್ಯಾಥ್ ಲ್ಯಾಬ್ ನಡೆಯುವ ಆಸ್ಪತ್ರೆ ಯಾವುದು ಎಂದು ಇವತ್ತೇ ವಿಚಾರಿಸಿ ಇಟ್ಟುಕೊಳ್ಳಿ. ದುಡ್ಡಿನ ಚಿಂತೆಯಿಂದ ಮನೆಯಲ್ಲೇ ಕೂರಬೇಡಿ. ಪರೇಲಿನ ಕೆಇಎಂ, ಸಯಾನ್, ನಾಯರ್ ಇವೆಲ್ಲ ಪಾಲಿಕೆಯ ಆಸ್ಪತ್ರೆಗಳು, ಹೃದಯದ ವಿಭಾಗ ಅಲ್ಲೂ ಇದೆ.

"ಊರಿನಲ್ಲಿ ಅಪ್ಪ ಅಮ್ಮ ಇಬ್ಬರೇ ಇದ್ದಾರೆ, ತಾಲೂಕು ಆಸ್ಪತ್ರೆಗೆ ಹೋಗಿ ಏನು ಪ್ರಯೋಜನ?" ಎಂದು ಒಬ್ಬ ಹುಡುಗ ಕೇಳಿದ. ಪ್ರಯೋಜನ ಇದೆ. ಪುನೀತ್ ರಾಜ್‌ಕುಮಾರ್ 2021ರಲ್ಲಿ ತೀರಿಕೊಂಡ ಮೇಲೆ ಕರ್ನಾಟಕ ಸರ್ಕಾರ ಅವರ ಹೆಸರಿನಲ್ಲೇ ಹೃದಯ ಜ್ಯೋತಿ ಯೋಜನೆ ಮಾಡಿದೆ. ತಾಲೂಕಿನಲ್ಲಿ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸುತ್ತಾರೆ. ಅವರು ಹೇಳಿದರೆ ಗಡ್ಡೆ ಕರಗಿಸುವ ಟೆನೆಕ್ಟಿಪ್ಲೇಸ್ ಅಲ್ಲೇ ಉಚಿತವಾಗಿ ಕೊಡುತ್ತಾರೆ. ಗೋವಾದಲ್ಲೂ ಇಂಥ ವ್ಯವಸ್ಥೆ ಇದೆ, ಬಾಂಬೋಲಿಯ ಮೆಡಿಕಲ್ ಕಾಲೇಜಿಗೆ ಜೋಡಿಸಿದ್ದು. ಮಂಗಳೂರಿಗೋ ಮಣಿಪಾಲಕ್ಕೋ ಎಂದು ಎರಡು ಗಂಟೆ ಕಾರಿನಲ್ಲಿ ಕೂರುವ ಬದಲು ಹತ್ತಿರದಲ್ಲಿ ಇಸಿಜಿ ಆಗಲಿ ಎಂದು ಅಪ್ಪನಿಗೆ ಹೇಳು ಎಂದೆ.

ಒಬ್ಬ ಅಮ್ಮ, ಹಲ್ಲಿನ ಡಾಕ್ಟರು ರಕ್ತ ತೆಳು ಮಾಡುವ ಮಾತ್ರೆ ನಾಲ್ಕು ದಿನ ನಿಲ್ಲಿಸಲು ಹೇಳಿದ್ದಾರೆ, ಸ್ಟೆಂಟ್ ಹಾಕಿ ಎರಡು ತಿಂಗಳಾಗಿದೆ ಎಂದರು. ನಿಲ್ಲಿಸಬೇಡಿ, ಇವತ್ತೇ ಹೃದಯದ ಡಾಕ್ಟರಿಗೆ ಫೋನ್ ಮಾಡಿ ಎಂದೆ. ಹೊಸ ಸ್ಟೆಂಟಿನ ಮೇಲೆ ಗಡ್ಡೆ ಕಟ್ಟಿಕೊಂಡರೆ ಅದು ಇನ್ನೊಂದು ಅಟ್ಯಾಕ್. ಸ್ಟೆಂಟ್ ಹಾಕಿದವರಿಗೆ ಕೊಡುವ, ರಕ್ತ ತೆಳು ಮಾಡುವ ಎರಡು ಮಾತ್ರೆ ಸಾಮಾನ್ಯವಾಗಿ ಒಂದು ವರ್ಷ. ಹಲ್ಲು ಕಾಯಬಹುದು.

ಕೊನೆಯ ಪ್ರಶ್ನೆ ಪಕ್ಕಾ ಮುಂಬಯಿಯದ್ದು: "ಸಿಸ್ಟರ್, ಎಷ್ಟು ದಿನಕ್ಕೆ ಲೋಕಲ್ ಹತ್ತಬಹುದು?" ದಿನದ ಲೆಕ್ಕ ಎಲ್ಲರಿಗೂ ಒಂದೇ ಅಲ್ಲ. ಹೃದಯದ ಪಂಪಿಂಗ್ ಎಷ್ಟು ಉಳಿದಿದೆ ಎಂದು ಎಕೋ ನೋಡಿ ಡಾಕ್ಟರು ಹೇಳುತ್ತಾರೆ. ಮನೆಯಲ್ಲಿ ಎರಡು ಮಹಡಿ ಮೆಟ್ಟಿಲನ್ನು ಉಬ್ಬಸ, ಎದೆ ಹಿಡಿತ ಇಲ್ಲದೆ ಹತ್ತಲು ಆಗುತ್ತಿದೆಯಾ ನೋಡಿಕೊಳ್ಳಿ, ಸ್ಟೇಷನ್ನಿನ ಬ್ರಿಡ್ಜ್ ಹತ್ತುವುದೂ ಅಷ್ಟೇ ಕೆಲಸ. ಶುರುವಿಗೆ ಹನ್ನೊಂದರ ಮೇಲಿನ ಸ್ಲೋ ಟ್ರೇನ್, ಜೊತೆಗೆ ಒಬ್ಬರು. ಮಾತ್ರೆ, ಡಿಸ್ಚಾರ್ಜ್ ಕಾರ್ಡಿನ ಜೆರಾಕ್ಸ್ ಜೇಬಿನಲ್ಲಿ ಇರಲಿ. "ಬೆಳಗ್ಗೆ ಎಂಟೂಕಾಲಿನ ಫಾಸ್ಟ್?" ಎಂದು ಅವರು ಬಿಡಲಿಲ್ಲ. ಅದನ್ನು ಹತ್ತಲು ನನಗೂ ಆಗುವುದಿಲ್ಲ, ನನಗೆ ಅಟ್ಯಾಕ್ ಆಗಿಲ್ಲ ಎಂದೆ.